ಹಂಡೆಗೆ ಬಿಕ್ಕಳಿಕೆ

ಬಿಸಿನೀರು ಅಂದರೆ ನನಗೆ ಗೊತ್ತಿದ್ದದ್ದು ಬಚ್ಚಲುಮನೆಯ ಮೂಲೆಯ ತಾಮ್ರದ ಹಂಡೆ. ಕೆಳಗೆ ತೆಂಗಿನ ಮಟ್ಟೆ, ಕರಟ, ಒಂದು ಮಾರು ಹೊಗೆ. ಕಣ್ಣಿನಿಂದ ಒಂದು ಧಾರೆ, ತಲೆ ಮೇಲಿಂದ ಇನ್ನೊಂದು ಧಾರೆ. ಅಂಥ ನಾನು ಅರವತ್ತೆಂಟರ ವಯಸ್ಸಿನಲ್ಲಿ ಮಿನಿಯಾಪೋಲಿಸಿನ ಮಗಳ ಮನೆ ಹಿತ್ತಿಲಲ್ಲಿ, ಅಕ್ಟೋಬರ್ ತಿಂಗಳ ಕೊರೆಯುವ ಗಾಳಿಯಲ್ಲಿ, ಬರೀ ಚಡ್ಡಿಯಲ್ಲಿ ನಿಂತು "ಇಳೀರಿ ಮಾವ, ಏನೂ ಆಗಲ್ಲ" ಎಂದು ಅಳಿಯನಿಂದ ಧೈರ್ಯ ಹೇಳಿಸಿಕೊಳ್ಳುವ ಹಾಗಾಯಿತು.

ಅದಕ್ಕೆ ಹಾಟ್ ಟಬ್ ಅಂತಾರೆ. ಆರು ಜನ ಮಂಡಿಗೆ ಮಂಡಿ ತಾಗಿಸಿಕೊಂಡು ಕೂರಬಹುದಾದ ತೊಟ್ಟಿ. ಹಿಡಿಯುವುದು 1,300 ಲೀಟರ್ ನೀರು. ಹಗಲೂ ರಾತ್ರಿ 40 ಡಿಗ್ರಿ ಸೆಲ್ಸಿಯಸ್ ಬಿಸಿ, ಮೇಲೊಂದು ದಪ್ಪ ಮುಚ್ಚಳ. ನನ್ನ ಹೆಂಡತಿ ಮೊದಲ ದಿನವೇ ಅದನ್ನು ಕೊಪ್ಪರಿಗೆ ಎಂದು ಕರೆದಳು. ಎರಡನೇ ದಿನ ಕೇಳಬೇಕಾದ ಪ್ರಶ್ನೆ ಕೇಳಿದಳು.

"ಪುಟ್ಟೀ, ಈ ನೀರು ದಿನಾ ಚೆಲ್ತೀರ ತಾನೆ?"

"ಮೂರು ನಾಲ್ಕು ತಿಂಗಳಿಗೊಂದ್ಸಲ ಅಮ್ಮ. ಫಿಲ್ಟರ್ ಇದೆ, ಕ್ಲೋರಿನ್ ಹಾಕ್ತೀವಿ."

ಅವಳು ಮುಂದೆ ಏನೂ ಹೇಳಲಿಲ್ಲ. ಅವತ್ತಿನಿಂದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಎರಡು ಪಾದ ಮಾತ್ರ ಇಳಿಬಿಡುವುದು, ಒಳಗೆ ಹೋದ ಮೇಲೆ ಅದೇ ಪಾದಕ್ಕೆ ಬೇರೆ ನೀರು ಹಾಕಿಕೊಳ್ಳುವುದು.

ನನಗೆ ಮಾತ್ರ ಚಟ ಹತ್ತಿತು. ಗುಂಡಿ ಒತ್ತಿದರೆ ಗೋಡೆಯ ತೂತುಗಳಿಂದ ನೀರು ಗಾಳಿ ಬೆರೆಸಿಕೊಂಡು ಬಂದು ಬೆನ್ನಿಗೆ ಗುದ್ದುತ್ತದೆ. ಅದಕ್ಕೆ ಜೆಟ್ ಅಂತ ಹೆಸರು. ಕಿರಿದಾದ ಗಂಟಲಲ್ಲಿ ನೀರು ಓಡುವಾಗ ಅಲ್ಲಿ ಒತ್ತಡ ಇಳಿದು, ಪಕ್ಕದ ಕೊಳವೆಯ ಗಾಳಿಯನ್ನು ತಾನಾಗಿಯೇ ಒಳಕ್ಕೆ ಎಳೆದುಕೊಳ್ಳುತ್ತದೆ. ವೆಂಚುರಿ ಎನ್ನುವ ಇಟಲಿಯ ಮೇಷ್ಟರೊಬ್ಬರ ಹೆಸರು ಈ ಉಪಾಯಕ್ಕಿದೆ. ನನ್ನ ಸೊಂಟ ಅವರಿಗೆ ಋಣಿ.

ಅಷ್ಟರಲ್ಲಿ ದೀಪಾವಳಿ ಬಂತು. ನೀರು ತುಂಬುವ ಹಬ್ಬದ ಸಂಜೆ ಹೆಂಡತಿಯ ಮನಸ್ಸು ಕರಗಿತು. ಎಷ್ಟಾದರೂ ಹಂಡೆ ತಾನೆ! ಹಾಗಲ ಬಳ್ಳಿ ಆ ಊರಲ್ಲಿ ಎಲ್ಲಿ ಸಿಗಬೇಕು? ಇಂಡಿಯನ್ ಅಂಗಡಿಯಿಂದ ತಂದ ಎರಡು ಹಾಗಲಕಾಯಿಯನ್ನೇ ದಾರಕ್ಕೆ ಪೋಣಿಸಿ ಆ ಪ್ಲಾಸ್ಟಿಕ್ ತೊಟ್ಟಿಗೆ ಸುತ್ತಿದಳು, ಅರಿಶಿನ ಕುಂಕುಮ ಇಟ್ಟಳು. ಮಾರನೆಯ ನಸುಕಿಗೆ ಅಭ್ಯಂಜನ. ಅಳಿಯನ ಸ್ನೇಹಿತರು ಮೂವರು ಬಂದಿದ್ದರು, ಮೂವರೂ ಕಟ್ಟುಮಸ್ತು. ಹರಳೆಣ್ಣೆ ನಾವು ಊರಿಂದ ಒಯ್ದಿದ್ದು. ಸೀಗೆಪುಡಿಯೂ ಅಷ್ಟೇ.

"ಎಣ್ಣೆ ಹಚ್ಕೊಂಡೋರು ಒಳಗೆ ಷವರ್‌ನಲ್ಲಿ ಪೂರ್ತಿ ತೊಳ್ಕೊಂಡೇ ಟಬ್ಬಿಗಿಳೀಬೇಕು" ಎಂದು ಮಗಳು ಮೊದಲೇ ಕಟ್ಟಪ್ಪಣೆ ಮಾಡಿದ್ದಳು. ಉಳಿದವರ ವಿಷಯ ನನಗೆ ಬೇಡ. ನಾನು ಎರಡು ಚೊಂಬು ಸುರಿದುಕೊಂಡೆ. ಅದೂ ತಲೆಗಲ್ಲ.

ಮೂರನೇ ದಿನ ತೊಟ್ಟಿಗೆ ಬಿಕ್ಕಳಿಕೆ ಶುರುವಾಯಿತು.

ಭುಸ್ಸ್ ಎಂದು ಒಂದು ಗುದ್ದು. ನಿಲುಗಡೆ. ಮತ್ತೆ ಭುಸ್ಸ್. ಅಜ್ಜಿ ಒಬ್ಬಳು ಮೆಟ್ಟಿಲು ಹತ್ತುತ್ತಾ ನಡುವೆ ಸುಧಾರಿಸಿಕೊಂಡ ಹಾಗೆ. ಅಳಿಯ ಸಾಫ್ಟ್‌ವೇರಿನವನು. ಎರಡು ನಿಮಿಷ ನೋಡಿ "ಇದು ಪಲ್ಸ್ ಮಸಾಜ್ ಇರ್ಬೇಕು ಮಾವ. ಕೆಲವು ಜೆಟ್‌ಗಳನ್ನ ಬೇಕೂಂತಲೇ ಹೀಗೆ ಮಾಡಿರ್ತಾರೆ" ಎಂದ. ಅಂಥ ಜೆಟ್‌ಗಳು ಇವೆಯಂತೆ, ನಿಜ. ಆದರೆ ಅವು ಒಂದೊಂದು ತೂತಿನಲ್ಲಿ ಮಿಡಿಯುತ್ತವೆ. ಇಲ್ಲಿ ಇಪ್ಪತ್ತು ತೂತೂ ಒಟ್ಟಿಗೆ ಉಸಿರು ಹಿಡಿದು ಒಟ್ಟಿಗೆ ಬಿಡುತ್ತಿದ್ದವು. ಆಮೇಲೆ ಅವರ ಕುಲಪದ್ಧತಿಯಂತೆ ಸ್ವಿಚ್ ಆರಿಸಿ ಹಾಕಿದ. ಮತ್ತೂ ಭುಸ್ಸ್.

ನಾನು ತಿಪಟೂರು ಕಡೆಯ ತೋಟದವನು. ಪಂಪಿನ ಸದ್ದು ಕೇಳಿಯೇ ಬೆಳೆದವನು. "ಅಳಿಯಂದಿರೇ, ಇದು ಗಾಳಿ" ಎಂದೆ.

ನಮ್ಮಪ್ಪನ ಕಾಲದ ತೆರೆದ ಬಾವಿ, ಐದು ಎಚ್‌ಪಿ ಮೋಟರು. ಬೆಳಿಗ್ಗೆ ಕರೆಂಟು ಬಂದೊಡನೆ ಸ್ಟಾರ್ಟರ್ ಒತ್ತಿದರೆ ಮೋಟರು ಗುಂಯ್ ಅನ್ನುತ್ತಿತ್ತು, ನೀರು ಮಾತ್ರ ಇಲ್ಲ. ಅಪ್ಪ ಪೈಪಿಗೆ ಕಿವಿ ಇಟ್ಟು "ಗಾಳಿ ಹಿಡ್ಕಂಡೈತೆ" ಅನ್ನುತ್ತಿದ್ದರು. ಪಂಪಿನೊಳಗಿನ ಚಕ್ರ ನೀರನ್ನು ಬೀಸಿ ಹೊರಕ್ಕೆ ಎಸೆಯುತ್ತದೆ, ಆಗ ಆದ ಖಾಲಿ ಜಾಗಕ್ಕೆ ಹಿಂದಿನ ನೀರು ನುಗ್ಗುತ್ತದೆ. ಗಾಳಿಯನ್ನು ಬೀಸಿ ಎಸೆಯಲು ಅದಕ್ಕೆ ತೂಕವೆಲ್ಲಿದೆ? ಚಕ್ರ ಸುಮ್ಮನೆ ಸುತ್ತುತ್ತದೆ. ಫುಟ್‌ವಾಲಿಗೆ ಕಡ್ಡಿ ಸಿಕ್ಕಿಕೊಂಡು ನೀರು ಇಳಿದುಹೋಗಿದ್ದರೆ ನಾನು ಬಿಂದಿಗೆಗಟ್ಟಲೆ ನೀರು ಸುರಿಯಬೇಕು. ಎಲ್ಲೋ ಸಣ್ಣಗೆ ಗಾಳಿ ಎಳೆಯುತ್ತಿದ್ದರೆ ಸಗಣಿ ಬಗ್ಗಡ. ಸಗಣಿ ಹೋಗಿ ಸಂದು ಮುಚ್ಚಿಕೊಳ್ಳುತ್ತಿತ್ತು. ಈ ಕೊನೆಯ ಚಿಕಿತ್ಸೆಯನ್ನು ಮಿನಿಯಾಪೋಲಿಸಿನಲ್ಲಿ ಸೂಚಿಸಿದಾಗ ಮಗಳು ಎದ್ದು ಒಳಗೆ ಹೋದಳು.

ಬಗ್ಗಿ ನೋಡಿದರೆ ನೀರು ನಾಲ್ಕು ಬೆರಳು ಇಳಿದಿತ್ತು. ಹಬ್ಬದ ದಿನ ಕಟ್ಟುಮಸ್ತಿನವರೆಲ್ಲ ಒಟ್ಟಿಗೆ ಇಳಿದಾಗ ಉಕ್ಕಿ ಚೆಲ್ಲಿದ್ದು ಸುಮ್ಮನೆ ಹೋಗುತ್ತದೆಯೇ? ಒಬ್ಬೊಬ್ಬರ ತೂಕಕ್ಕೆ ಹೆಚ್ಚುಕಡಿಮೆ ಅಷ್ಟೇ ಲೀಟರ್ ನೀರು ಜಾಗ ಬಿಡಬೇಕು. ಫಿಲ್ಟರಿನ ಬಾಯಿ ಅರ್ಧ ಹೊರಗೆ ಬಂದು, ಅಲ್ಲೊಂದು ಪುಟ್ಟ ಸುಳಿ ಎದ್ದು, ಗೊಳಕ್ ಎಂದು ಗಾಳಿ ನುಂಗುತ್ತಿತ್ತು. ಪಂಪಿನ ಚಕ್ರಕ್ಕೆ ಒಂದು ತುತ್ತು ನೀರು, ಒಂದು ತುತ್ತು ಗಾಳಿ. ಇನ್ನೇನು ಮಾಡುತ್ತದೆ, ಬಿಕ್ಕುತ್ತದೆ. ಗಾಳಿಯ ತಿರುಪನ್ನು ಪೂರ್ತಿ ಮುಚ್ಚಿ ನೋಡಿದೆವು. ಆದರೂ ಜೆಟ್ಟಿನಲ್ಲಿ ಗುಳ್ಳೆ ಬರುತ್ತಿತ್ತು. ಅಂದರೆ ಪಂಪು ಎಳೆಯುವ ಕಡೆಯೇ ಕಳ್ಳಗಾಳಿ.

ಬಕೆಟ್ಟಿನಲ್ಲಿ ತುಂಬಿದೆವು. ಸುಳಿ ಹೋಯಿತು. ಬಿಕ್ಕಳಿಕೆ ಮುಕ್ಕಾಲು ಹೋಯಿತು. ನಾನು ಮೀಸೆ ತಿರುವುವಷ್ಟರಲ್ಲಿ ಬೇರೆ ಸದ್ದು ಬಂತು. ತಗಡಿನ ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ. ನಿಧಾನದ ವೇಗದಲ್ಲಿ ಓಡಿಸಿದರೆ ಸಾಧು ಹಸು, ಜೋರು ಮಾಡಿದರೆ ಗೋಲಿ.

ಇದು ಕೆಟ್ಟ ಸದ್ದು. ಪಂಪು ಕೇಳಿದಷ್ಟು ನೀರು ಬಾಯಿಗೆ ಬರದಿದ್ದರೆ ಅಲ್ಲಿ ಒತ್ತಡ ಎಷ್ಟು ಕುಸಿಯುತ್ತದೆಂದರೆ ನೀರು ಕುದಿಯುವಷ್ಟು ಕಾಯದೆಯೇ ಆವಿಯ ಗುಳ್ಳೆಯಾಗುತ್ತದೆ. ಬಿಸಿನೀರಾದರೆ ಇನ್ನೂ ಬೇಗ. ಆ ಗುಳ್ಳೆಗಳು ಚಕ್ರದ ಮೇಲೆ ಪಟಪಟ ಒಡೆದು ಲೋಹವನ್ನೂ ತಿನ್ನಬಲ್ಲವು. ಬಾಯಿ ಕಟ್ಟಿರುವುದು ಎಲ್ಲಿ? ಪತ್ತೆಹಚ್ಚುವುದು ಸುಲಭ. ಫಿಲ್ಟರನ್ನು ಎತ್ತಿಟ್ಟು ಒಂದು ನಿಮಿಷ ಓಡಿಸಬೇಕು. ಓಡಿಸಿದೆವು. ಜೆಟ್‌ಗಳು ಆಯುಧಪೂಜೆಯ ಮಾರನೆಯ ದಿನದ ಲಾರಿಯಂತೆ ಹೊರಟವು.

ಎಲ್ಲರೂ ಕೆಳಗಿಟ್ಟ ಫಿಲ್ಟರನ್ನು ನೋಡಿದರು. ಸೀರೆಯ ನೆರಿಗೆಯ ಹಾಗೆ ಮಡಿಕೆ ಮಡಿಕೆಯಾದ ಬಿಳಿ ಉರುಳೆ. ಬಿಳಿ ಎನ್ನುವುದು ಹಳೆಯ ಮಾತು. ಮಡಿಕೆಯ ಸಂದಿನಲ್ಲಿ ಕಂದು ಬಣ್ಣದ ಅಂಟು. ಹೆಂಡತಿ ಬಾಗಿ ಒಮ್ಮೆ ಮೂಸಿದಳು. ಹರಳೆಣ್ಣೆಯ ವಾಸನೆ, ಅದರ ಹಿಂದೆ ಸೀಗೆಯ ಘಾಟು. ಅವಳು ಫಿಲ್ಟರನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಇಲ್ಲಿನ ನೀರು ಗಡಸು" ಎಂದೆ.

ಮಾತು ತಿರುಗಿಸಲು ಅಳಿಯನಿಗೆ ಕತೆ ಹೇಳಲು ಹೊರಟರೆ ಅವನೇ ನನಗೊಂದು ಕತೆ ಹೇಳಿದ. ಜಕೂಜಿ ಅನ್ನುತ್ತಾರಲ್ಲ, ಅದು ಒಂದು ಮನೆತನದ ಹೆಸರಂತೆ. ಇಟಲಿಯಿಂದ ಕ್ಯಾಲಿಫೋರ್ನಿಯಾಕ್ಕೆ ವಲಸೆ ಬಂದ ಏಳು ಜನ ಅಣ್ಣತಮ್ಮಂದಿರು. ಮೊದಲು ವಿಮಾನದ ಪ್ರೊಪೆಲರ್ ಮಾಡುತ್ತಿದ್ದರು. 1921ರಲ್ಲಿ ಅವರದೇ ವಿಮಾನ ಬಿದ್ದು ಸೋದರನೊಬ್ಬ ತೀರಿಕೊಂಡ. ಆಮೇಲೆ ಆಕಾಶದ ಸಹವಾಸ ಬೇಡವೆಂದು ನೆಲಕ್ಕಿಳಿದು ಹಿಡಿದ ಕಸುಬು ಯಾವುದು? ತೋಟಗಳಿಗೆ ಬಾವಿಯ ನೀರೆತ್ತುವ ಪಂಪು! ಅವರಲ್ಲಿ ಕಿರಿಯ ಕ್ಯಾಂಡಿಡೊನ ಮಗುವಿಗೆ ಕೀಲುನೋವಿನ ಕಾಯಿಲೆ ಬಂದಾಗ, ಮನೆಯ ಸ್ನಾನದ ತೊಟ್ಟಿಯಲ್ಲೇ ನೀರಿನ ಉಪಚಾರ ಕೊಡಲೆಂದು ಮುಳುಗಿಸಿಡುವ ಪುಟ್ಟ ಪಂಪೊಂದನ್ನು ಮಾಡಿದರು. ಅದು 1956ರಲ್ಲಿ ಮಾರಾಟಕ್ಕೆ ಬಂತು. 1968ರಲ್ಲಿ ಅದೇ ಮನೆತನದ ರಾಯ್ ಜಕೂಜಿ ಜೆಟ್‌ಗಳನ್ನು ತೊಟ್ಟಿಯ ಗೋಡೆಯೊಳಗೇ ಕೂರಿಸಿದ. ಅಂದರೆ ನಾನು ಇಷ್ಟು ದಿನ ಬೆನ್ನು ಒಡ್ಡಿದ್ದು ನಮ್ಮ ತೋಟದ ಪಂಪ್‌ಸೆಟ್ಟಿನ ದಾಯಾದಿಗೇ. ಸಿರಿ ಬಂದ ಮೇಲೆ ಗುರುತು ಹಿಡಿಯಲಿಲ್ಲ, ಅಷ್ಟೇ.

ಫಿಲ್ಟರನ್ನು ಔಷಧಿ ನೀರಲ್ಲಿ ರಾತ್ರಿಯೆಲ್ಲ ನೆನೆಹಾಕಿ, ಬೆಳಿಗ್ಗೆ ಪೈಪು ಹಿಡಿದು ಒಂದೊಂದು ನೆರಿಗೆ ಬಿಡಿಸಿ ತೊಳೆದವನು ನಾನು. ಶಿಕ್ಷೆ ಯಾರೂ ವಿಧಿಸಲಿಲ್ಲ, ಪೈಪನ್ನು ಕೈಗೆ ಕೊಟ್ಟರು. ನೊರೆ ಮಾತ್ರ ಹೋಗಲೊಲ್ಲದು. ಮದುವೆಮನೆಯ ಕಾಫಿ ಡ್ರಮ್ಮಿನ ಹಾಗೆ ಉಕ್ಕುತ್ತಿತ್ತು. ಹಿಮ ಬೀಳುವ ಮುಂಚೆ ಪೂರಾ ನೀರು ಬದಲಿಸಿಬಿಡೋಣ ಎಂದು ಬರಿದು ಮಾಡಿ ತುಂಬಿಸಿದೆವು. ಗುಂಡಿ ಒತ್ತಿದರೆ ಗುಂಯ್. ಬಿಕ್ಕಳಿಕೆಯೂ ಇಲ್ಲ. ಪರದೆಯ ಮೇಲೆ ಎಫ್, ಎಲ್, ಓ ಎಂಬ ಮೂರು ಅಕ್ಷರ. ನೀರಿನ ಹರಿವಿಲ್ಲ, ಹೀಟರು ನಿಲ್ಲಿಸಿದ್ದೇನೆ ಎಂದು ಅದರ ಅರ್ಥ. ರಿಪೇರಿಯವರಿಗೆ ಫೋನು ಮಾಡಿದರೆ ಹತ್ತು ದಿನದ ನಂತರದ ದಿನಾಂಕ ಕೊಟ್ಟರು. ಅಷ್ಟರಲ್ಲಿ ಚಳಿ ಸೊನ್ನೆಗಿಂತ ಕೆಳಗಿಳಿದು ನಿಂತ ನೀರು ಹೆಪ್ಪುಗಟ್ಟಿದರೆ ಪೈಪುಗಳು ಸೀಳಿಹೋಗುತ್ತವೆ.

"ಮೇನ್ ಆಫ್ ಮಾಡಿ" ಎಂದೆ ಅಳಿಯನಿಗೆ. ನನ್ನ ದನಿ ನಮ್ಮಪ್ಪನ ದನಿಯ ಹಾಗೇ ಇತ್ತು.

ಪಕ್ಕದ ಹಲಗೆ ಬಿಚ್ಚಿ ಒಳಗೆ ತೂರಿದೆ. ಈ ಪಂಪು ಸುಖಪುರುಷ. ನಮ್ಮದರ ಹಾಗೆ ಇಪ್ಪತ್ತು ಅಡಿ ಕೆಳಗಿಂದ ನೀರು ಹೀರಬೇಕಿಲ್ಲ. ತೊಟ್ಟಿಯ ನೀರು ಮೇಲಿಂದ ತಾನಾಗಿ ಬಾಯಿಗೆ ಬೀಳುತ್ತದೆ. ಆದರೂ ಹೊಸ ನೀರು ತುಂಬುವಾಗ ನೆತ್ತಿಯಲ್ಲಿ ಗಾಳಿ ಸಿಕ್ಕಿಕೊಂಡುಬಿಡುತ್ತದೆ. ಪೈಪನ್ನು ಫಿಲ್ಟರಿನ ಗುಂಡಿಯೊಳಗೇ ಇಟ್ಟು ತುಂಬಿದ್ದರೆ ಇದು ಆಗುತ್ತಿರಲಿಲ್ಲವಂತೆ. ಪಂಪಿನ ಮೇಲ್ಗಡೆ ಕೈಯಲ್ಲೇ ತಿರುಗಿಸುವ ದಪ್ಪ ಪ್ಲಾಸ್ಟಿಕ್ ಯೂನಿಯನ್ ಇತ್ತು. ಪೂರ್ತಿ ಬಿಚ್ಚಿದರೆ 1,300 ಲೀಟರೂ ನನ್ನ ಮೇಲೆ. ಕಾಲು ಸುತ್ತು ಸಡಿಲಿಸಿದೆ.

ಸ್ಸ್ಸ್.

ಕುಕ್ಕರಿನ ವಿಸಿಲ್ ಎತ್ತಿದ ಹಾಗೆ ಗಾಳಿ ಹೊರಟಿತು. ಕಿವಿ ಹತ್ತಿರ ಇಟ್ಟೆ. ಸದ್ದು ಸಣ್ಣಗಾಯಿತು, ತೊದಲಿತು, ಆಮೇಲೆ ಬೆರಳಿಗೆ ತಣ್ಣನೆಯ ನೀರು ತೊಟ್ಟಿಕ್ಕಿತು. ಒಳಗಿನ ರಬ್ಬರ್ ಬಳೆ ಜಾರದಂತೆ ನೋಡಿ ಬಿಗಿ ಮಾಡಿದೆ. "ಹಾಕಿ" ಎಂದೆ.

ಆ ಸಂಜೆ ಇಪ್ಪತ್ತು ತೂತೂ ಒಂದೇ ಉಸಿರಿಗೆ ಗುದ್ದಿದವು. ಅಳಿಯ ಸ್ನೇಹಿತರಿಗೆಲ್ಲ ಫೋನು ಮಾಡಿ "ನಮ್ಮ ಮಾವ ಸರಿಮಾಡಿದ್ರು" ಎಂದು ಹೇಳುವುದು ಕೇಳಿಸುತ್ತಿತ್ತು. ನಾನು ಕೇಳದವನ ಹಾಗೆ ನೀರಲ್ಲಿ ಕಣ್ಣು ಮುಚ್ಚಿದ್ದೆ. ಹೆಂಡತಿ ಮಾತ್ರ ಕುರ್ಚಿಯಿಂದ "ರೀ, ಕೆಡಿಸಿದ್ದು ಯಾರು ಅಂತ ಅವ್ನು ಹೇಳ್ತಾ ಇಲ್ಲ, ಅಲ್ವಾ?" ಎಂದಳು.

ಮಾರನೆಯ ಬೆಳಿಗ್ಗೆ ಹಿತ್ತಿಲ ಗಾಜಿನ ಬಾಗಿಲಿಗೆ ಒಂದು ಹಾಳೆ ಅಂಟಿತ್ತು. ಮಗಳ ದುಂಡು ಅಕ್ಷರ: "ಎಣ್ಣೆ ಹಚ್ಚಿಕೊಂಡವರು ಇಳಿಯಬಾರದು. ಎರಡು ಚೊಂಬು ಲೆಕ್ಕಕ್ಕಿಲ್ಲ." ಆ ಬೀದಿಯಲ್ಲಿ ಇಂಗ್ಲಿಷ್ ಬಾರದವರು ಯಾರೂ ಇಲ್ಲ. ಹಾಳೆ ಮಾತ್ರ ಕನ್ನಡದಲ್ಲಿತ್ತು.