‘ಚೂರಿ ಯಾವುದಾದರೇನ್ರಿ, ಒರೆ ನಮ್ಮದ’: ತುಕ್ಕಿನೊಡನೆ ಸಂದರ್ಶನ

ಸಮೀರವಾಡಿಯಲ್ಲಿ ಹಂಗಾಮು ಮುಗಿದಿದೆ. ಸಕ್ಕರೆ ಕಾರ್ಖಾನೆಯ ಮುಂದಿನ ಟ್ರ್ಯಾಕ್ಟರ್ ಸಾಲು ಕರಗಿದೆ, ಕಬ್ಬು ಕಡಿಯುವ ಗ್ಯಾಂಗುಗಳು ತಮ್ಮ ತಮ್ಮ ಊರು ಸೇರಿವೆ. ಹೊಲದಂಚಿನ ಪತ್ರಾಸ್ ಶೆಡ್ಡಿನಲ್ಲಿ ಯಾರೋ ಮರೆತುಹೋದ ಕೊಯ್ತಾ ಒಂದು ಮಳೆಗೆ ನೆನೆಯುತ್ತ ಬಿದ್ದಿತ್ತು. ಅದರ ಮೇಲೆ ಕಾಲುಚಾಚಿ ಕುಳಿತಿದ್ದ ತುಕ್ಕನ್ನು ಮಾತಿಗೆಳೆಯಲು ಕಾರಣ, ಬೆಂಗಳೂರಿನಲ್ಲಿರುವ ನಮ್ಮ ಅಕ್ಕನ ಮಗ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಡೈವಿಂಗ್ ಮಾಡುವ ಆಸೆ ಅವನದು. ಅದಕ್ಕೂ ಮೊದಲು ಚೂರಿ ಬೇಕಂತೆ, ತುಕ್ಕು ಹಿಡಿಯದ ಚೂರಿ. ಉಕ್ಕಿನ ಗುಣವನ್ನು ಮಾರುವವನನ್ನು ಕೇಳಿದರೆ ಹೊಗಳುತ್ತಾನೆ. ತಿನ್ನುವವನನ್ನು ಕೇಳುವುದೇ ಮೇಲು ಅನಿಸಿತು.

ನಾನು: ನಮಸ್ಕಾರ. ಕೆಲಸದ ನಡುವೆ ತೊಂದರೆ ಕೊಟ್ಟೆನೇ?

ತುಕ್ಕು: ತೊಂದ್ರಿ ಏನ ಬಂತ್ರಿ ಸಾಹೇಬ್ರ, ಕುಂದರ್ರಿ. ಆ ಪತ್ರಾಸಕ್ಕ ಮಾತ್ರ ಆನಬ್ಯಾಡ್ರಿ. ಅದೂ ನಮ್ಮದ ಆಗೇತಿ, ಆಚೆ ಕಡೆ ಬೀಳ್ತೀರಿ.

ನಾನು: ಈ ಕೊಯ್ತಾ ಸ್ಟೇನ್‌ಲೆಸ್ ಅಲ್ಲ ಅಂತ ಕಾಣುತ್ತದೆ.

ತುಕ್ಕು: ಲಾರಿ ಕಮಾನ್ ಪಟ್ಟಿರಿ ಇದು. ನೂರಕ್ಕ ಅರ್ಧದ ಮ್ಯಾಲ ಒಂದೀಟ ಕಾರ್ಬನ್. ಕಂಬಾರ ಕಾಸಿ ಬಡದು ಹದ ಹಾಕ್ಯಾನ. ಕಬ್ಬಿನ ಹಾಲು ಸಣ್ಣಗ ಹುಳಿ, ಪಿಎಚ್ 5ರ ಆಸುಪಾಸು. ನಮಗ ಹಬ್ಬದ ಊಟ. ಆದ್ರ ಹಂಗಾಮಿನಾಗ ಇದನ್ನ ಮುಟ್ಟಾಕ ಆಗಲಿಲ್ಲ ನೋಡ್ರಿ! ನಸುಕಿನಾಗ ಸಾಣಿ, ಹೊತ್ತ ಮುಳುಗೂತನಕ ಕಡಿಯೂದು. ರಾತ್ರಿ ನಾ ಒಂದ ಪದರ ಹಾಸಿದ್ರ ಮುಂಜಾನೆ ಕಬ್ಬ ತಿಕ್ಕಿ ತೆಗೀತಿತ್ತು. ಕಡಿಯೋರು ಯಾರೂ ಯಾವ ಗ್ರೇಡ್ ಅಂತ ಕೇಳಲಿಲ್ಲ.

ನಾನು: ಸಮುದ್ರದ ಮಾತು ಬೇರೆ ಅಲ್ಲವೇ?

ತುಕ್ಕು: ಅಲ್ಲಿ ನಮ್ಮ ಭಾವಕಿ ದೊಡ್ಡದೈತಿ. ಲೀಟರಿಗೆ 35 ಗ್ರಾಂ ಉಪ್ಪು, ಪುಗಸಟ್ಟೆ. ಸ್ಟೇನ್‌ಲೆಸ್ ಅಂತ ಬರದಿದ್ರ ನಾವು ಅಂಜೂದಿಲ್ರಿ. 10.5% ಕ್ರೋಮಿಯಂ ಇದ್ರ ಸಾಕು, ಆ ಹೆಸರ ಸಿಗತೈತಿ. ಕ್ರೋಮಿಯಂ ಆಮ್ಲಜನಕ ಹಿಡಕೊಂಡ ಕಣ್ಣಿಗೆ ಕಾಣದ ಪೊರಿ ಕಟ್ಟತೈತಿ. ಗೀಚಿದ್ರ ಮತ್ತ ಕೂಡಕೋತೈತಿ. ಉಪ್ಪಿನಾಗಿನ ಕ್ಲೋರೈಡ್ ಆ ಪೊರಿಗೆ ತೂತ ಹೊಡೀತೈತಿ. ಮ್ಯಾಲ ಸಾಸಿವಿಯಷ್ಟ ಕಲಿ, ಒಳಗ ಕುಣಿ.

ನಾನು: ಅಂಗಡಿಯವರು 316 ಗ್ರೇಡಿನ ಸ್ಟೇನ್‌ಲೆಸ್ ಒಳ್ಳೆಯದು ಅಂದರಂತೆ.

ತುಕ್ಕು: ಖರೆ, ಹಡಗಿನ ಸಾಮಾನಿಗೆ ಹಾಕ್ತಾರ. ಅದರಾಗ 2–3% ಮಾಲಿಬ್ಡಿನಂ ಐತಿ, ನಮಗ ಸಲೀಸ ಬಗ್ಗಂಗಿಲ್ಲ. ಆದ್ರ ಎಷ್ಟ ಕಾಸಿ ನೀರ ಕುಡಿಸಿದ್ರೂ ಗಟ್ಟಿ ಆಗೂ ಜಾತಿ ಅಲ್ಲದು. ರೊಟ್ಟಿಗೆ ಬೆಣ್ಣಿ ಹಚ್ಚಾಕ ಚಲೋ. ಅಲಗ ನಿಲ್ಲಬೇಕಂದ್ರ ಕಾರ್ಬನ್ ಬೇಕ್ರಿ. 440ಸಿ ತೊಗೋರಿ: ಕಾರ್ಬನ್ ನೂರಕ್ಕ ಒಂದರ ಸುತ್ತ, ಕ್ರೋಮಿಯಂ 16–18. ಕಾಗದದಾಗ ಭಾರಿ. ಒಳಗ ಏನಾಗತೈತಿ? ಕಾರ್ಬನ್ ಆ ಕ್ರೋಮಿಯಂ ಹಿಡದು ಕಾರ್ಬೈಡ್ ಕಟಗೊಂಡ ಕುಂದರತೈತಿ. ಮಂಜೂರಾದದ್ದು ಅಷ್ಟೂ ಫಲಾನುಭವಿಗೆ ಮುಟ್ಟಂಗಿಲ್ಲ. ಪೊರಿಗೆ ಉಳದದ್ದಷ್ಟ. ಸರಕಾರಿ ಕಚೇರಿ ಕಂಡವರಿಗೆ ಇದನ್ನ ತಿಳಿಸಿ ಹೇಳಬೇಕಾಗಿಲ್ಲ ಬಿಡ್ರಿ.

ನಾನು: ಹಾಗಾದರೆ ಸೋವಿ ಚೂರಿಗಳು?

ತುಕ್ಕು: ಬಹಳಷ್ಟು 420. ಕ್ರೋಮಿಯಂ 12–14. ಸಾದಾ ಸಂಸಾರಸ್ಥ, ತೊಳದ್ರ ಬಾಳತಾನ.

ನಾನು: ನೀವು ಅಂಜುವವರೇ ಇಲ್ಲವೇ? ಕೊಡಚಾದ್ರಿಯ ಮೇಲೆ ಗುಡಿಯ ಮುಂದಿನ ಕಬ್ಬಿಣದ ಕಂಬ ಮಲೆನಾಡಿನ ಮಳೆಯಲ್ಲಿ ನಿಂತೇ ಇದೆಯಲ್ಲ!

ತುಕ್ಕು: (ಸ್ವಲ್ಪ ಹೊತ್ತು ಸುಮ್ಮನಿದ್ದು) ಮನಿತನದ ಮಾತ ತಗೀಬ್ಯಾಡ್ರಿ. ಈಗಿನವರಾಗ ಅಂದ್ರ ಜಪಾನಿನ ಎಚ್-1, ಜರ್ಮನಿಯ ಎಲ್‌ಸಿ200ಎನ್. ಕಾರ್ಬನ್ ಕಡಿಮಿ ಮಾಡಿ ಸಾರಜನಕ ತುಂಬ್ಯಾರ. ಕ್ರೋಮಿಯಂ ಪೊರಿಗೆ ಉಳೀತೈತಿ, ನಮಗ ಉಪವಾಸ. ಆಮ್ಯಾಲ ಟೈಟಾನಿಯಂ. ಅಂವಗ ತುಕ್ಕ ಅನ್ನೂದ ಗೊತ್ತಿಲ್ಲ; ತೂಕ ಉಕ್ಕಿನ ಅರ್ಧದ ಮ್ಯಾಲ ಒಂದೀಟ; ಆಯಸ್ಕಾಂತಕ್ಕ ಹತ್ತಂಗಿಲ್ಲ ಅಂತ ನೀರಾಗಿನ ಮೈನ್ ತಗಿಯೂ ನೌಕಾಪಡೆಯವರು ಬಳಸ್ತಾರ. ಆದ್ರ ಅಲಗ ಲಗೂನ ಮೊಂಡ ಆಗತೈತಿ, ಅದಕ್ಕ ಹಲ್ಲ ಕಡದಿರ್ತಾರ. ದೊಡ್ಡಸ್ತಿಕಿ ಮಾಡ್ತಾನಷ್ಟ, ಕೇರಳದ ಚವರದ ಮರಳಿನಾಗ ಇಲ್ಮನೈಟ್ ಅಂತ ಐತಿ, ಅದರಾಗ ಅಂವಾ, ಕಬ್ಬಿಣ ಒಂದ ಮನಿಯಾಗ ಇರ್ತಾರ.

ನಾನು: ನಮ್ಮ ಮುಧೋಳದ ರನ್ನ, ದುರ್ಯೋಧನನನ್ನು ವೈಶಂಪಾಯನ ಸರೋವರಕ್ಕೆ ಇಳಿಸಿದಾಗ ಇಷ್ಟೆಲ್ಲ ವಿಚಾರ ಮಾಡಿರಲಿಕ್ಕಿಲ್ಲ.

ತುಕ್ಕು: ಸಿಹಿನೀರ್ರಿ ಅದು. ಕೈಯಾಗ ಗದಿ, ಅಲಗಿನ ಚಿಂತಿಲ್ಲ. ಅಂವನ್ನ ಕೆಡವಿದ್ದು ಭೀಮ, ನಾನಲ್ಲ. ಇರಲಿ, ನಿಮ್ಮ ಹುಡುಗಗ ಚೂರಿ ಯಾಕ?

ನಾನು: ಶಾರ್ಕ್ ಬಂದರೆ ಅಂತ.

ತುಕ್ಕು: (ನಕ್ಕ ರಭಸಕ್ಕೆ ಎರಡು ಹಕ್ಕಳೆ ಉದುರಿದವು) ಸಿನಿಮಾ ಭಾಳ ನೋಡ್ಯಾನ. ನೀರಾಗ ಚೂರಿ ಬೇಕಾಗೂದು ಬಲಿಗೆ. ಬಂಡಿಗಲ್ಲಿಗೆ ಸಿಕ್ಕು ಹರದ ನೈಲಾನ್ ಬಲಿ, ಗಾಳದ ದಾರ ಕಾಣಂಗಿಲ್ಲ, ಕಾಲಿಗೆ ಸುತ್ತಿದ್ರ ಬಿಡಂಗಿಲ್ಲ. ಅದಕ್ಕ ಹಲ್ಲಿನ ಅಲಗ ಬೇಕು. ಮೊನಿ ಮೊಂಡ ಇದ್ರ ಚಲೋ, ಗಾಬರಿಯಾಗ ತನ್ನ ತೊಡಿಗೆ ತಾನ ಚುಚ್ಚಕೊಳ್ಳೂದ ತಪ್ಪತೈತಿ. ಈಜು ಬರತೈತೇನು?

ನಾನು: ಕಲಿಯುತ್ತಾನಂತೆ. ಮೊದಲ ಸಲ ಇಳಿಯುವವರನ್ನು ತರಬೇತುದಾರರೇ ಹಿಡಿದುಕೊಂಡು ಹೋಗುತ್ತಾರಲ್ಲ.

ತುಕ್ಕು: ಹಂಗಾದ್ರ ಚೂರಿ ತರಬೇತುದಾರನ ಹತ್ರ ಇರತೈತಿ. ನಿಮ್ಮಂವಂದು ಬೆಂಗಳೂರಿನ ಕಪಾಟಿನಾಗ.

ನಾನು: ಯಾವ ಉಕ್ಕಾದರೂ ಸೋಲುವ ಜಾಗ ಯಾವುದು?

ತುಕ್ಕು: ಇದನ್ನ ಮೊದಲ ಕೇಳಬೇಕಿತ್ತು! ಒರಿ, ಸಾಹೇಬ್ರ, ಒರಿ. ಉಪ್ಪನೀರಿಂದ ಬಂದ ಚೂರಿ ಹಂಗ ಪ್ಲಾಸ್ಟಿಕ್ ಒರಿಯಾಗ ತುರುಕಿ ಬ್ಯಾಗಿನಾಗ ಇಡ್ತಾರ. ಆ ಸಂದಿನಾಗ ಗಾಳಿ ಆಡಂಗಿಲ್ಲ, ಆಮ್ಲಜನಕ ಇಲ್ಲದ ಪೊರಿ ಮತ್ತ ಕಟ್ಟಂಗಿಲ್ಲ. ಹಿಡಿ ಕೆಳಗಿನ ಸಂದೂ ಅಷ್ಟ. ಸಿಹಿನೀರಾಗ ಒಂದೀಟ ನೆನಸಿ, ಹಿಡಿ ಬಿಚ್ಚಿ ತೊಳದು, ಒಣಗಿಸಿ, ಒಂದ ಹನಿ ಎಣ್ಣಿ ಸವರಿದ್ರ 420 ಸೈತ ನಮ್ಮ ಕೈಗೆ ಸಿಗೂದಿಲ್ಲ. ಯಾರ ತೊಳೀತಾರ್ರಿ? ತೊಳಿಯೂದಕ್ಕ ರೊಕ್ಕ ಹತ್ತಂಗಿಲ್ಲ, ಅದಕ್ಕ ಯಾರೂ ಮಾತಾಡಂಗಿಲ್ಲ. ಕಡೀಕ ಏನ ಕೊಂಡ?

ನಾನು: ಟೈಟಾನಿಯಂ. ನಿನ್ನೆಯೇ ಆರ್ಡರ್ ಮಾಡಿಬಿಟ್ಟಿದ್ದಾನೆ.

ತುಕ್ಕು: ಹಿಡಿಯ ಸ್ಕ್ರೂ ಯಾವುದರದು?

ನಾನು: ಅದನ್ನು ಕೇಳಿಲ್ಲ. ಸಾದಾ ಉಕ್ಕಿನದಿದ್ದರೆ?

ತುಕ್ಕು: ಉಪ್ಪನೀರಾಗ ಟೈಟಾನಿಯಂ ಮಗ್ಗಲ ಸಾದಾ ಉಕ್ಕ ಕುಂತ್ರ ಬ್ಯಾಟರಿ ಶುರುವಾದಂಗ್ರಿ. ಅಂವಗ ಏನೂ ಆಗಂಗಿಲ್ಲ, ಸ್ಕ್ರೂ ಮಾತ್ರ ಇನ್ನೂ ಜೋರ ಕರಗತೈತಿ. ನಿಮ್ಮ ಹುಡುಗನ ವಿಳಾಸ ಒಂದೀಟ ಬರಕೊಡ್ರಿ.