ಅರ್ಥಶಾಸ್ತ್ರದ ಎಂ.ಎ. ಮತ್ತು ನನ್ನಿವಾಳ: ಶೇಂಗಾ ಆಧಾರಿತ ಸಂಶೋಧನಾ ಪ್ರಬಂಧ

ಚಳ್ಳಕೆರೆ ತಾಲ್ಲೂಕಿನ ನನ್ನಿವಾಳದ ಹುಡುಗನೊಬ್ಬ ಎಚ್.ಇ.ಪಿ. (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ತಗೊಂಡು ಬಿ.ಎ. ಮುಗಿಸಿ, ದಾವಣಗೆರೆ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರದ ಎಂ.ಎ. ಮಾಡಿದರೆ ಕೊನೆಗೆ ಎಲ್ಲಿಗೆ ಮುಟ್ಟುತ್ತಾನೆ ಎಂಬುದೇ ಪ್ರಸ್ತುತ ಪ್ರಬಂಧದ ಸಮಸ್ಯೆ. ಈ ವಿಷಯದ ಮೇಲೆ ಸತತ ಸಂಶೋಧನೆ ನಡೆಸಿರುವವರು ಹುಡುಗನ ಅಪ್ಪ ಒಬ್ಬರೇ.

ಮಿತಿಯಿಲ್ಲದ ಬಯಕೆಗಳಿಗೆ ಮಿತವಾದ ಸಾಧನಗಳನ್ನು ಹೊಂದಿಸುವುದೇ ಅರ್ಥಶಾಸ್ತ್ರವೆಂದು 1932ರಲ್ಲಿ ಲಯೊನೆಲ್ ರಾಬಿನ್ಸ್ ಲಂಡನ್ನಿನಲ್ಲಿ ಕೂತು ಬರೆದರು. ಮಳೆ ಕೈಕೊಟ್ಟ ವರ್ಷ ನಮ್ಮ ಕಡೆ ಬಯಕೆಗಳೂ ಮಿತವಾಗುವುದರಿಂದ ಈ ವ್ಯಾಖ್ಯೆ ಇಲ್ಲಿ ಅರ್ಧ ಮಾತ್ರ ಊರ್ಜಿತ.

ಕ್ಷೀಣಿಸುವ ಸೀಮಾಂತ ತುಷ್ಟಿಗುಣದ ನಿಯಮ ಚಳ್ಳಕೆರೆ ಮಾರುಕಟ್ಟೆಯಲ್ಲಿ ಪೂರ್ತಿ ಬಿದ್ದುಹೋಗುತ್ತದೆ. ಖರೀದಿದಾರ ರಾಶಿಗೆ ಕೈಹಾಕಿ ಒಂದು ಹಿಡಿ ಶೇಂಗಾ ಎತ್ತುತ್ತಾನೆ. ಹೆಬ್ಬೆರಳಲ್ಲಿ ಪಟಪಟ ಒಡೆದು, ಬೀಜ ಅಂಗೈಯಲ್ಲಿ ಉಜ್ಜಿ, ಉಫ್ ಎಂದು ಸಿಪ್ಪೆ ಊದಿ ಬಾಯಿಗೆ ಎಸೆದುಕೊಳ್ಳುತ್ತಾನೆ. ನಿಯಮದ ಪ್ರಕಾರ ಹತ್ತನೇ ರಾಶಿಯ ಹೊತ್ತಿಗೆ ಅವನಿಗೆ ಸಾಕಾಗಬೇಕು. ಸಾಕಾಗುವುದಿಲ್ಲ. ಸಾಕೆನಿಸುವುದು ಮಾಲು ತಂದವನಿಗೆ.

ಬಂಡವಾಳದ ಅಧ್ಯಾಯವೂ ತೊಡಕಿನದೇ. ಈ ಸೀಮೆಯ ಮ್ಯಾಸಬೇಡರ ದೇವರ ಎತ್ತುಗಳನ್ನು ಮಾರುವಂತಿಲ್ಲ, ನೊಗಕ್ಕೆ ಹೂಡುವಂತಿಲ್ಲ. ಅವುಗಳನ್ನು ಕಾಯುವ ಕಿಲಾರಿ ಹಿಂದೆ ಹಿಂದೆ ಬಿಸಿಲಲ್ಲಿ ನಡೆಯುತ್ತಾನೆ. ಪ್ರತಿಫಲವಿಲ್ಲದ ಹೂಡಿಕೆ ಬಹುಕಾಲ ಉಳಿಯದು ಎನ್ನುತ್ತದೆ ಪಠ್ಯಪುಸ್ತಕ. ಎತ್ತುಗಳು ಅದನ್ನು ಓದಿಲ್ಲ.

ಇನ್ನು ಉದ್ಯೋಗಾವಕಾಶ. 1961ರಲ್ಲಿ ಆರಂಭವಾದ ಭಾರತೀಯ ಆರ್ಥಿಕ ಸೇವೆ ಇದೆ, ಹುದ್ದೆಗಳು ಮಾತ್ರ ಕೆಲವೇ. ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ರಾಜ್ಯದ 114 ತಾಲ್ಲೂಕುಗಳು ಹಿಂದುಳಿದಿವೆಯೆಂದು ವರದಿ ಕೊಟ್ಟಿತು. ಹಿಂದುಳಿಯುವುದಕ್ಕೂ ಸೂಚ್ಯಂಕವಿದೆ ಎಂದು ತಿಳಿಯಲಿಕ್ಕಾದರೂ ಡಿಗ್ರಿ ಬೇಕು. ಸಾಮಾನ್ಯ ಮಾರ್ಗವೆಂದರೆ ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಹಿಡಿದು ಎಫ್‌ಡಿಎ, ಎಸ್‌ಡಿಎ, ಪಿಡಿಒ ಎಂದು ಓದುವುದು. ನಡುವೆ ಅತಿಥಿ ಉಪನ್ಯಾಸಕನಾಗಿ 'ಪ್ರಚ್ಛನ್ನ ನಿರುದ್ಯೋಗ' ಪಾಠ ಮಾಡುವುದು. ಬಿತ್ತನೆಗೆ ಊರಿಗೆ ಬಂದು, ಮೂವರು ಸಾಕಾಗುವ ಹೊಲದಲ್ಲಿ ನಾಲ್ಕನೆಯವನಾಗಿ ನಿಂತು ಅದೇ ಪಾಠಕ್ಕೆ ಉದಾಹರಣೆಯಾಗುವುದು.

ಕ್ಷೇತ್ರಕಾರ್ಯದ ಫಲಿತಾಂಶ ಹೀಗಿದೆ. ಹೋದ ವರ್ಷದ ರೇಟು ನೋಡಿ ಎಲ್ಲರೂ ಬಿತ್ತಿದರೆ ಈ ವರ್ಷ ರೇಟು ಬೀಳುತ್ತದೆ; ಇದಕ್ಕೆ 1934ರಲ್ಲಿ ನಿಕೊಲಸ್ ಕಾಲ್ಡರ್ ಜೇಡರಬಲೆಯ ಹೆಸರಿಟ್ಟರು ಎಂದು ಹುಡುಗ ಬದುವಿನ ಮೇಲೆ ಕೂತು ವಿವರಿಸಿದ.

"ಸರಿ ಕಣ್ಲಾ, ಈ ಸಲ ಏನ್ ಹಾಕಾನ? ಅದ್ ಹೇಳು," ಎಂದರು ಅಪ್ಪ.

"ಇತರ ಅಂಶಗಳು ಸ್ಥಿರವಾಗಿದ್ದರೆ ಈರುಳ್ಳಿ ಹಾಕಬೋದು ಕಣಪ್ಪ."

"ಇತರ ಅಂಶ ಅಂದ್ರೆ?"

"ಮಳೆ, ರೇಟು, ರೋಗ, ಕೂಲಿ."

ಅಪ್ಪ ಶೇಂಗಾ ಬೀಜದ ಚೀಲ ಬಿಚ್ಚಿದರು.