ಏನೂ ಮಾಡದೆ ಗೆದ್ದ ಗಾಯ

(ಮಂಡಿಯ ಮೇಲಿನ ಹುಸಿ ಗಾಯವೊಂದರ ಕಾಲ್ಪನಿಕ ಸಂದರ್ಶನ. ಹುಟ್ಟೂರು: ಅಮೆರಿಕದ ಹ್ಯೂಸ್ಟನ್, ಮಾಜಿ ಸೈನಿಕರ ಆಸ್ಪತ್ರೆ.)

ಪ್ರಶ್ನೆ: ತಮ್ಮ ಸಾಧನೆ ಏನು?

ಗಾಯ: ಏನೂ ಇಲ್ಲ ಸ್ವಾಮಿ, ಅದೇ ನನ್ನ ಸಾಧನೆ. ಸವೆದ ಮಂಡಿಯೊಳಗೆ ಕೊಳವೆ ತೂರಿಸಿ, ಸಲೈನಿನಲ್ಲಿ ತೊಳೆದು, ಒರಟಾದ ಮೃದ್ವಸ್ಥಿಯನ್ನು ಕೆರೆದು ನಯ ಮಾಡುವ ಆರ್ತ್ರೋಸ್ಕೋಪಿ ಆಗ ಅಮೆರಿಕದಲ್ಲಿ ವರ್ಷಕ್ಕೆ ಆರೂವರೆ ಲಕ್ಷ ಸಲ ನಡೆಯುತ್ತಿತ್ತು; ಒಂದಕ್ಕೆ ಸುಮಾರು 5,000 ಡಾಲರ್. ಸರ್ಜನ್ ಬ್ರೂಸ್ ಮೋಸ್ಲಿ 180 ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಪಾಲು ಮಾಡಿದರು. ಒಂದು ಪಾಲಿಗೆ ಕೆರೆತ, ಒಂದಕ್ಕೆ ಬರೀ ತೊಳೆತ, ಉಳಿದವರಿಗೆ ನಾನು. ಯಾರಿಗೆ ಯಾವುದೆಂಬ ಲಕೋಟೆ ಒಡೆದದ್ದೇ ಆಪರೇಷನ್ ಕೋಣೆಯಲ್ಲಿ. ನನ್ನ ಪಾಲಿನವರಿಗೆ ಚರ್ಮ ಕೊಯ್ದರು, ಉಪಕರಣ ಕೊಡಿ ಎಂದು ಕೇಳಿದರು, ತೊಳೆದ ಸದ್ದು ಬರಲೆಂದು ನೀರು ಚೆಲ್ಲಿದರು. ಮಂಡಿಯೊಳಗೆ ಏನೂ ಹೋಗಲಿಲ್ಲ. ಎರಡು ವರ್ಷ ನೋವು ಅಳೆದು 2002ರಲ್ಲಿ ಫಲಿತಾಂಶ ಪ್ರಕಟಿಸಿದರು: ಯಾವ ಹಂತದಲ್ಲೂ ಕೆರೆಸಿಕೊಂಡವರಾಗಲಿ ತೊಳೆಸಿಕೊಂಡವರಾಗಲಿ ನನ್ನವರಿಗಿಂತ ಹಾಯಾಗಿರಲಿಲ್ಲ.

ಪ್ರಶ್ನೆ: ಆದರೆ ಆರ್ತ್ರೋಸ್ಕೋಪಿಯಿಂದ ನೋವು ಹೋಯಿತು ಎಂದವರು ಸಾವಿರಾರು ಮಂದಿ. ಅವರೆಲ್ಲ ಸುಳ್ಳರೇ?

ಗಾಯ: ಖಂಡಿತ ಅಲ್ಲ. ನೋವು ತಗ್ಗಿದ್ದು ನಿಜ, ತಗ್ಗಿಸಿದ್ದು ಯಾರು ಎಂಬುದಷ್ಟೇ ತಕರಾರು. ಮಂಡಿನೋವು ಏರಿಳಿಯುವ ಜಾತಿಯದು. ಏರಿದಾಗ ಜನ ಆಸ್ಪತ್ರೆ ಹತ್ತುತ್ತಾರೆ. ತಾನಾಗಿ ಇಳಿಯುವ ಹೊತ್ತಿಗೆ ಆಪರೇಷನ್ ಮುಗಿದಿರುತ್ತದೆ, ಕೀರ್ತಿಯೆಲ್ಲ ಕತ್ತರಿಗೆ. ಇದರ ಜೊತೆಗೆ ವೈದ್ಯರ ಮೇಲಿನ ನಂಬಿಕೆಯೂ ದುಡಿಯುತ್ತದೆ. ಮೃದ್ವಸ್ಥಿಯ ಸ್ವಭಾವ ನೋಡಿ: ಕೆಲವೇ ಮಿಲಿಮೀಟರ್ ದಪ್ಪ, ರಕ್ತನಾಳವಿಲ್ಲ, ನರವಿಲ್ಲ. ರಕ್ತ ಹರಿಯದ ಜಾಗ ತಾನಾಗಿ ಮಾಯುವುದು ಬಲು ಕಷ್ಟ. ಕೆರೆದು ನಯ ಮಾಡಿದರೆ ಹೊಸದು ಬೆಳೆಯುವುದಿಲ್ಲ. ಮೆಟ್ಟಿಲು ಹತ್ತುವಾಗ ಅದರ ಮೇಲೆ ಬೀಳುವ, ದೇಹತೂಕದ ಹಲವು ಪಟ್ಟು ಹೊರೆ ತೊಳೆದ ಮರುದಿನವೂ ಅಷ್ಟೇ ಇರುತ್ತದೆ. ಹೊರೆ ಇಳಿಸುವ ದಾರಿ ಬೇರೆ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆಂದು 2005ರ ಅಮೆರಿಕನ್ ಅಧ್ಯಯನ ಲೆಕ್ಕ ಕೊಟ್ಟಿದೆ. 

ಪ್ರಶ್ನೆ: ಒಬ್ಬರೇ ಸರ್ಜನ್, ರೋಗಿಗಳಲ್ಲಿ ಬಹುಪಾಲು ಗಂಡಸರು. ಮೇಲಾಗಿ ಹುಸಿ ಆಪರೇಷನ್ ಎಂದರೆ ಮೋಸವಲ್ಲವೇ?

ಗಾಯ: ಮೊದಲ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೇ 2008ರಲ್ಲಿ ಕೆನಡಾದವರು ಇನ್ನೊಮ್ಮೆ ನೋಡಿದರು: ವ್ಯಾಯಾಮ, ಔಷಧಿಗಳ ಜೊತೆ ಆರ್ತ್ರೋಸ್ಕೋಪಿ ಸೇರಿಸಿದರೂ ಹೆಚ್ಚಿನ ಲಾಭ ಕಾಣಲಿಲ್ಲ. 2013ರಲ್ಲಿ ಫಿನ್ಲೆಂಡಿನವರು ಸವೆದು ಹರಿದ ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆ) ಕತ್ತರಿಸುವುದನ್ನು ಹುಸಿ ಆಪರೇಷನ್ನಿನ ಎದುರು ನಿಲ್ಲಿಸಿದರು; ಅಲ್ಲೂ ಕತ್ತರಿ ಗೆಲ್ಲಲಿಲ್ಲ. ಇನ್ನು ಮೋಸದ ಮಾತು. ನಮ್ಮ ರೋಗಿಗಳು ಹುಸಿ ಆಪರೇಷನ್ ಆಗಬಹುದೆಂದು ತಮ್ಮ ಕೈಯಾರೆ ಬರೆದುಕೊಟ್ಟಿದ್ದರು. ಕೇಳಿದ 324 ಮಂದಿಯಲ್ಲಿ 144 ಮಂದಿ ಒಲ್ಲೆವೆಂದು ಎದ್ದು ಹೋದರು. ಪರೀಕ್ಷಿಸದ ಚಿಕಿತ್ಸೆಯನ್ನು ಪರೀಕ್ಷಿಸಿದ್ದೆಂಬ ಧಾಟಿಯಲ್ಲಿ ಮಾರುವಾಗ ಅಂಥ ಕಾಗದಕ್ಕೆ ಯಾರಾದರೂ ಸಹಿ ಕೇಳಿದ್ದಾರೆಯೇ?

ಪ್ರಶ್ನೆ: ಹಾಗಾದರೆ ಮಂಡಿಗೆ ಆಪರೇಷನ್ನೇ ಬೇಡವೇ?

ಗಾಯ: ಹಾಗೆಂದರೆ ನಾನೂ ಜಾಹೀರಾತಾಗುತ್ತೇನೆ. 2015ರಲ್ಲಿ ಡೆನ್ಮಾರ್ಕಿನವರು ಮಂಡಿ ಬದಲಾವಣೆಯನ್ನು 100 ರೋಗಿಗಳಲ್ಲಿ ಪರೀಕ್ಷಿಸಿದರು. ವ್ಯಾಯಾಮ, ಪಥ್ಯ, ಮಾತ್ರೆಗಳ ಜೊತೆ ಹೊಸ ಮಂಡಿಯನ್ನೂ ಪಡೆದವರದು ವರ್ಷದ ನಂತರ ಸ್ಪಷ್ಟವಾಗಿ ಮೇಲುಗೈ. ಆದರೆ ಗಂಭೀರ ತೊಡಕುಗಳೂ ಅವರಲ್ಲೇ ಹೆಚ್ಚು. ಬರೀ ವ್ಯಾಯಾಮ, ಪಥ್ಯ, ಮಾತ್ರೆಗಳ ಪಾಲಿಗೆ ಬಿದ್ದವರಲ್ಲಿ ಸುಮಾರು ಮುಕ್ಕಾಲು ಪಾಲು ಆ ವರ್ಷ ಆಪರೇಷನ್ನಿಲ್ಲದೆ ಸಾಗಿದರು. ಲಾಭ, ನಷ್ಟ ಎರಡೂ ಗೊತ್ತಿದ್ದರೆ ರೋಗಿ ತಾನೇ ತೂಗಿ ನೋಡಬಹುದು. ನನ್ನ ಜಗಳ ಆಪರೇಷನ್ ಜೊತೆ ಅಲ್ಲ, ಹೋಲಿಕೆಗೆ ನಿಲ್ಲದ ಹೊಗಳಿಕೆಯ ಜೊತೆ. ಈಗ ರೋಗಿಯದೇ ರಕ್ತದಿಂದ ತೆಗೆದ ಪ್ಲೇಟ್‌ಲೆಟ್ ಸಮೃದ್ಧ ದ್ರವದ, ಅಂದರೆ ಪಿಆರ್‌ಪಿ ಸೂಜಿಯ ಭರಾಟೆ. 2021ರಲ್ಲಿ ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ನೋಡಿದಾಗ ಅದು ಬರೀ ಸಲೈನ್ ಸೂಜಿಯನ್ನು ನೋವಿನಲ್ಲೂ ಮೀರಿಸಲಿಲ್ಲ, ಮೃದ್ವಸ್ಥಿ ಉಳಿಸುವುದರಲ್ಲೂ ಮೀರಿಸಲಿಲ್ಲ. ನಾಳೆ ಇನ್ನೊಂದು ಬರುತ್ತದೆ, ಬರಲಿ. ಗಲ್ಲಾಪೆಟ್ಟಿಗೆ ತೆರೆಯುವ ಮೊದಲು ನನ್ನೆದುರು ಒಂದು ಕೈ ನೋಡಲಿ. ಏನೂ ಮಾಡದವನನ್ನೇ ಸೋಲಿಸಲಾರದ ಚಿಕಿತ್ಸೆಗೆ ದುಡ್ಡು ಯಾಕೆ?